ಕೊಟ್ರೇಶಿ ಬಂದರೆ ಸೇತುವೆ ನೀಲಿ

ನಮ್ಮೂರಲ್ಲಿ ಯಾರೂ ನೀಲಿ ಬಟ್ಟೆ ಉಟ್ಟು ಸೇತುವೆ ಹತ್ತುವುದಿಲ್ಲ. ಹತ್ತಬಾರದು ಅಂತ ಯಾರೂ ಕಟ್ಟಳೆ ಮಾಡಿಲ್ಲ, ಆದರೆ ಹತ್ತಿದರೆ ಎದುರಿಗೆ ಬರುವವರು ಥಟ್ಟನೆ ನಿಂತುಬಿಡುತ್ತಾರೆ, ಅವರ ಹಿಂದಿನವರು ಅವರಿಗೆ ಡಿಕ್ಕಿ ಹೊಡೆಯುತ್ತಾರೆ, ಯಾರದೋ ತಲೆ ಮೇಲಿನ ಬದನೆಕಾಯಿ ಬುಟ್ಟಿ ಹೊಳೆಯ ಪಾಲಾಗುತ್ತದೆ. ಆಮೇಲೆ ಎಲ್ಲರೂ ಸೇರಿ ಆ ಸೀರೆಯನ್ನು ಬೈಯುತ್ತಾರೆ. ನನ್ನ ಪೆಟ್ಟಿಗೆಯಲ್ಲೂ ಒಂದು ನೀಲಿ ಸೀರೆ ಇದೆ. ಅದನ್ನು ಉಟ್ಟುಕೊಂಡು ನಾನು ಹಿತ್ತಲು ದಾಟಿದವಳಲ್ಲ.

ನಮ್ಮದು ತೂಗುಸೇತುವೆ. ಹೊಳೆಯ ಈಚೆ ದಡದಲ್ಲಿ ಅರ್ಧ ಊರು, ಆಚೆ ದಡದಲ್ಲಿ ಅರ್ಧ ಊರು. ಸೇತುವೆಯ ಹಲಗೆಗಳಿಗೂ ಎರಡೂ ಬದಿಯ ದಪ್ಪ ಹಗ್ಗಕ್ಕೂ ಪೊರೆ ಹೊದಿಸಿದೆ. ಭಾರವಿಲ್ಲದಾಗ ಪೊರೆ ಕುಂಕುಮದಷ್ಟು ಕೆಂಪು. ಭಾರ ಬಿದ್ದು ಜಗ್ಗಿದರೆ ಹಳದಿ, ಇನ್ನೂ ಜಗ್ಗಿದರೆ ಹಸಿರು, ಅದಕ್ಕೂ ಮೀರಿದರೆ ನೀಲಿ. ಹಸಿರಿನವರೆಗೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೀಲಿ ಕಂಡಿತೋ, ಇದ್ದವರು ಇದ್ದಲ್ಲೇ ನಿಲ್ಲಬೇಕು. ತುದಿಗೆ ಹತ್ತಿರ ಇರುವವರು ಒಬ್ಬೊಬ್ಬರಾಗಿ ಇಳಿಯಬೇಕು. ನೀಲಿ ಇಳಿಯುವ ತನಕ ನಡುವಿನವರು ಅಲುಗಾಡುವ ಹಾಗಿಲ್ಲ. ಸೇತುವೆಯ ಬುಡದಲ್ಲಿ ಕೋಲು ಹಿಡಿದು ಕೂರುವ ಈರಣ್ಣಜ್ಜ, 'ಹೂಂ, ನೀನು ಬಾ. ನೀನು ನಿಲ್ಲು' ಅಂತ ಕೂಗಿ ಕೂಗಿ ಇಳಿಸುತ್ತಾನೆ.

ಹೀಗೆ ನಿಂತು ನಿಂತೇ ನಮ್ಮೂರಿನ ಅರ್ಧ ಬದುಕು ಕಳೆಯುತ್ತದೆ. ಪಕ್ಕದ ಮನೆಯ ಸಾಂತಕ್ಕ ಸೇತುವೆ ಹತ್ತುವಾಗ ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡೇ ಹತ್ತುತ್ತಾಳೆ. ನಿಲ್ಲಬೇಕಾಗಿ ಬಂದರೆ ಸುಲಿಯಲು ಕೆಲಸ ಆಯಿತು ಅಂತ. ಮಾತು ಬಿಟ್ಟ ದಾಯಾದಿಗಳು ಒಬ್ಬರ ಪಕ್ಕ ಒಬ್ಬರು ಸಿಕ್ಕಿಕೊಂಡು, ಮೊದಲು ಹೊಳೆ ನೋಡಿ, ಆಮೇಲೆ ಆಕಾಶ ನೋಡಿ, ಕೊನೆಗೆ 'ಮಳೆ ಬರೋ ಹಾಗಿದೆ ಅಲ್ವಾ' ಅಂದದ್ದನ್ನು ನಾನೇ ಕೇಳಿದ್ದೇನೆ.

ಆ ಪೊರೆ ಮಾಡುವುದು ನಮ್ಮ ಮನೆಯ ಕಸುಬು. ಅಪ್ಪ ಹೋದ ಮೇಲೆ ಅವ್ವ ಮತ್ತು ನಾನು ನಡೆಸುತ್ತೇವೆ. ಗಂಜಿಯಂಥ ಅಂಟನ್ನು ಗಾಜಿನ ಮೇಲೆ ಸುರಿದು, ಉದ್ದನೆಯ ಅಲಗಿನಿಂದ ಒಂದೇ ದಿಕ್ಕಿಗೆ ಎಳೆಯಬೇಕು. ಕೈ ನಡುಗಿದರೆ ಗೆರೆ ಬೀಳುತ್ತದೆ, ಗೆರೆ ಬಿದ್ದ ಕಡೆ ಬಣ್ಣ ಸುಳ್ಳು ಹೇಳುತ್ತದೆ. ಎಳೆದದ್ದನ್ನು ಬಿಸಿಲಿಗೆ ಇಟ್ಟರೆ ಗಟ್ಟಿಯಾಗಿ, ಹಾವಿನ ಪೊರೆಯಂತೆ ಸುಲಿದು ಬರುತ್ತದೆ. ಬಿಸಿಲಿಗೆ ಇಡುವಾಗ ಮೇಲೆ ಕತ್ತರಿಸಿದ ಕಾಗದ ಮುಚ್ಚಿದರೆ ಅಕ್ಷರವನ್ನೋ ಹೂವನ್ನೋ ಒಳಗೇ ಅಚ್ಚು ಹಾಕಬಹುದು. ಅದು ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಬಣ್ಣ ಬದಲಾದಾಗ ಮಾತ್ರ ಕಾಣುತ್ತದೆ. ಜಗ್ಗಿದರೆ ಬಣ್ಣ ಬದಲಾಗುವ ಪೊರೆ ಸೇತುವೆಗೆ. ಬಿಸಿಗೆ ಬಣ್ಣ ಬದಲಾಗುವುದು ಮನೆಮನೆಗೆ. ಕೂಸಿನ ಹಣೆಗೆ ಹಚ್ಚಿ ಜ್ವರ ನೋಡುವುದಕ್ಕೆ, ಸ್ನಾನದ ಹಂಡೆಗೆ ಅಂಟಿಸುವುದಕ್ಕೆ.

ಕೊಟ್ರೇಶಿ ಮೊದಲು ಬಂದದ್ದು ಇಂಥದ್ದೇ ಒಂದು ತುಂಡಿಗಾಗಿ. ಅವನು ಆಚೆ ದಡದ ಮೊಸರಂಗಡಿ ನೀಲವ್ವನ ತಂಗಿಯ ಮಗ. ನೀಲವ್ವನಿಗೆ ಮಂಡಿ ನೋವು ಜಾಸ್ತಿಯಾಗಿ, ಅಂಗಡಿ ನೋಡಿಕೊಳ್ಳಲು ದೂರದೂರಿಂದ ಕರೆಸಿಕೊಂಡಿದ್ದಳು. ಅವನು ಬಂದ ಬೆಳಿಗ್ಗೆ ನಾನು ಅಂಗಳದಲ್ಲಿ ಗಾಜು ತೊಳೆಯುತ್ತಿದ್ದೆ. ಸೇತುವೆ ಕಡೆಯಿಂದ ಹೋ ಎಂದು ಸದ್ದು ಕೇಳಿತು. ತಲೆ ಎತ್ತಿ ನೋಡಿದರೆ ಸೇತುವೆಯ ಒಂದು ತುದಿಯಿಂದ ಬಣ್ಣ ಹರಿದುಕೊಂಡು ಬರುತ್ತಿದೆ: ಹಳದಿ, ಹಸಿರು, ಆಮೇಲೆ ನವಿಲಿನ ಕುತ್ತಿಗೆಯಂಥ ನೀಲಿ. ಹೂ ಮಾರುವವರು, ಶಾಲೆಗೆ ಹೊರಟ ಮಕ್ಕಳು, ಸಾಂತಕ್ಕ, ಎಲ್ಲರೂ ಕಂಬಗಳ ಹಾಗೆ ನಿಂತಿದ್ದಾರೆ. ಅವರ ನಡುವೆ ಒಬ್ಬ ಭಾರೀ ಮನುಷ್ಯ. ಬಾಗಿಲಷ್ಟು ಅಗಲದ ಬೆನ್ನು, ಗಡಿಗೆಯಂಥ ಹೊಟ್ಟೆ, ಕೈಯಲ್ಲಿ ಒಂದು ಪುಟ್ಟ ಮೊಸರಿನ ಕುಡಿಕೆ. ಈರಣ್ಣಜ್ಜ ಒಬ್ಬೊಬ್ಬರನ್ನೇ ಇಳಿಸಿ ಅವನನ್ನು ದಾಟಿಸುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದು ಮುಗಿದಿತ್ತು.

ಅವನು ನಮ್ಮ ಅಂಗಳದ ಬೇಲಿ ಆಚೆಯೇ ನಿಂತು, 'ಇದು ಪೊರೆಮನೆ ಅಲ್ವಾ?' ಅಂದ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ ಬಂದದ್ದು ಕೇಳಿ ನನಗೆ ನಗು ತಡೆಯಲಿಲ್ಲ.

'ನಗಬೇಡಿ,' ಅಂದ. 'ಆಗಲೇ ಸೇತುವೆ ಮೇಲೆ ಸುಮಾರು ಜನ ನಕ್ಕಿದ್ದಾರೆ.'

'ಸೇತುವೆಗೆ ಅಲ್ಲ, ನಿಮ್ಮ ದನಿಗೆ ನಕ್ಕೆ,' ಅಂದೆ.

ಅವನೂ ನಕ್ಕ. ಹಾಲು ಕಾಸಿ ಆರಿಸಿ ಹೆಪ್ಪು ಹಾಕುವಾಗ ಬಿಸಿ ಎಷ್ಟಿರಬೇಕು ಅನ್ನುವುದು ಅವನ ಕೈಗೆ ಇನ್ನೂ ಹತ್ತಿರಲಿಲ್ಲವಂತೆ. ಮೊಸರು ಒಂದು ದಿನ ನೀರು, ಒಂದು ದಿನ ಹುಳಿ. ಗಡಿಗೆಗೆ ಸುತ್ತಲು ಒಂದು ಪಟ್ಟಿ ಬೇಕಿತ್ತು. ಅವ್ವ ಅಳತೆ ತೆಗೆದುಕೊಂಡಳು. ನಾನು ಪಟ್ಟಿ ಮಾಡಿದೆ. ಸರಿಯಾದ ಬಿಸಿಗೆ ಬಂದಾಗ ಹಸಿರಾಗುವ ಹಾಗೆ, ಆ ಹಸಿರಿನೊಳಗೆ ಒಂದು ತುಂಬೆ ಹೂ ಕಾಣುವ ಹಾಗೆ ಅಚ್ಚು ಹಾಕಿದೆ. ಹೂ ಬೇಕು ಅಂತ ಅವನು ಕೇಳಿರಲಿಲ್ಲ.

ಹೂ ಕಂಡ ಮೇಲೆ ಅವನು ಮತ್ತೆ ಬಂದ. ಪಟ್ಟಿ ಸ್ವಲ್ಪ ಸಡಿಲ ಅಂತ. ಆಮೇಲೆ ಸ್ವಲ್ಪ ಬಿಗಿ ಅಂತ. ಆಮೇಲೆ ದೊಡ್ಡ ಗಡಿಗೆಗೊಂದು, ಸಣ್ಣ ಗಡಿಗೆಗೊಂದು, ನೀಲವ್ವನ ಮಂಡಿಗೆ ಕಟ್ಟುವ ಬಿಸಿನೀರಿನ ಚೀಲಕ್ಕೊಂದು. ಪ್ರತಿ ಸಲ ಒಂದು ಕುಡಿಕೆ ಮೊಸರು. ಮೊಸರು ದಿನದಿನಕ್ಕೂ ಗಟ್ಟಿಯಾಗುತ್ತಾ ಬಂತು. ಬೇರೆ ಊರಿನ ಹುಡುಗರು ಕದ್ದುಮುಚ್ಚಿ ಹುಡುಗಿಯರನ್ನು ನೋಡಲು ಹೋಗುತ್ತಾರಂತೆ. ನನ್ನನ್ನು ನೋಡಲು ಬರುವವನ ಸುದ್ದಿಯನ್ನು ಸೇತುವೆಯೇ ಊರಿಗೆಲ್ಲ ಸಾರುತ್ತಿತ್ತು. 'ಚಂಪಾ, ನೀಲಿ ಬಂತು ನೋಡೇ!' ಅಂತ ಬೀದಿಯ ಹೆಂಗಸರು ಕೂಗುತ್ತಿದ್ದರು. ಅವನು ದಾಟುವಷ್ಟರಲ್ಲಿ ನಾನು ಕೈ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟು, ಏನೂ ಗೊತ್ತಿಲ್ಲದವಳಂತೆ ಗಾಜು ಒರೆಸುತ್ತಾ ನಿಂತಿರುತ್ತಿದ್ದೆ. ಅವ್ವ ಮೂಲೆಯಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಎಲ್ಲರಿಗೂ ನಗು ಬರುತ್ತಿರಲಿಲ್ಲ. ಹೂ ಬಾಡುತ್ತದೆ, ಪಾಠ ತಪ್ಪುತ್ತದೆ, ಬಿಸಿಲಿನಲ್ಲಿ ನಿಂತು ತಲೆ ಸುತ್ತುತ್ತದೆ ಅಂತ ದೂರು ಶುರುವಾಯಿತು. ಸಾಂತಕ್ಕನದೇ ದೊಡ್ಡ ಬಾಯಿ. 'ಅವನ ಪ್ರೀತಿಗೆ ನಾನ್ಯಾಕೆ ಅವರೆಕಾಯಿ ಸುಲೀಬೇಕು? ನಮ್ಮನೇಲಿ ಅವರೆಕಾಳು ತಿನ್ನೋರು ಯಾರೂ ಉಳಿದಿಲ್ಲ!' ಅಂತ ಈರಣ್ಣಜ್ಜನ ಮುಂದೆ ಕೂಗಾಡಿದಳು. ಈರಣ್ಣಜ್ಜ ಒಳ್ಳೆಯವನೇ. ಆದರೂ ಒಂದು ದಿನ ಕೊಟ್ರೇಶಿಯನ್ನು ಪಕ್ಕಕ್ಕೆ ಕರೆದು, 'ಮಗಾ, ನಡುಮಧ್ಯಾಹ್ನ ಸೇತುವೆ ಖಾಲಿ ಇರ್ತದೆ, ಆಗ ಬಾರಪ್ಪ' ಅಂದ. ಪಕ್ಕದಲ್ಲಿದ್ದ ಯಾರೋ, 'ಇಲ್ಲಾ ಎರಡು ಕಂತಲ್ಲಿ ಬಾ' ಅಂದರು. ಎಲ್ಲರೂ ಗೊಳ್ಳೆಂದರು.

ಆಮೇಲೆ ಅವನು ಬರಲಿಲ್ಲ.

ಒಂದು ವಾರ ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಸೇತುವೆಯ ಕಡೆ ನೋಡುವುದೇ ನನ್ನ ಕೆಲಸವಾಯಿತು. ಎಳೆದ ಪೊರೆಯಲ್ಲೆಲ್ಲ ಗೆರೆ. ನಡುವೆ ಎರಡು ಮೂರು ಸಲ ಸೇತುವೆ ನೀಲಿ ಆಯಿತು. ನಾನು ಸೆರಗು ಸರಿಮಾಡಿಕೊಂಡು ಓಡಿದೆ. ಒಂದು ಸಲ ನೋಡಿದರೆ ಕುಂಬಳಕಾಯಿ ಹೊತ್ತವರು, ಇನ್ನೊಂದು ಸಲ ಯಾರದೋ ನಾಮಕರಣಕ್ಕೆ ಹೊರಟ ನೆಂಟರು. ಜನ ಕುಂಬಳಕಾಯಿಯನ್ನು ಬೈದರು, ನೆಂಟರನ್ನು ಬೈದರು. ನಾನೂ ಬೈದೆ, ನನ್ನ ಕಾರಣ ಬೇರೆ.

ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. 'ನೀಲವ್ವನ ಮಂಡಿ ಹೇಗಿದೆ ನೋಡ್ಕೊಂಡು ಬರ್ತೀನಿ,' ಅಂದೆ. ಅವ್ವ, 'ಹೂಂ, ಮಂಡಿ ನೋಡ್ಕೊಂಡು ಬಾ,' ಅಂದಳು.

ಮೊಸರಂಗಡಿಯಲ್ಲಿ ಗಡಿಗೆಗಳ ಹಿಂದೆ ಒಬ್ಬ ಮನುಷ್ಯ ಕೂತಿದ್ದ. ಕೊಟ್ರೇಶಿಯ ಅಂಗಿ ಹಾಕಿಕೊಂಡಿದ್ದ. ಅಂಗಿಯೊಳಗೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಕೆನ್ನೆ ಒಳಗೆ ಹೋಗಿ, ಕಣ್ಣು ಮಾತ್ರ ದೊಡ್ಡದಾಗಿ ಉಳಿದಿತ್ತು. ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡ.

'ಏನಾಗಿದೆ ನಿಮಗೆ? ಕಾಯಿಲೆಯೇ?'

ಒಳಗಿಂದ ನೀಲವ್ವ ಕೂಗಿದಳು: 'ಕಾಯಿಲೆ ಅಲ್ಲಮ್ಮಾ, ಮಂಕು! ಹೊತ್ತಿಗೊಂದು ಲೋಟ ಮಜ್ಜಿಗೆ. ರೊಟ್ಟಿ ಮುಟ್ಟಲ್ಲ, ಅನ್ನ ಮುಟ್ಟಲ್ಲ. ಮೊಸರು ಮಾರೋನು ಮೊಸರು ತಿನ್ನಲ್ಲ ಅಂದ್ರೆ ನಾಳೆ ನಮ್ಮ ಅಂಗಡೀಗೆ ಯಾರು ಬರ್ತಾರೆ? ಸ್ವಲ್ಪ ನೀನೇ ಕೇಳು.'

ಕೊಟ್ರೇಶಿ ಗಡಿಗೆಯ ಪಟ್ಟಿಯನ್ನು ನೋಡುತ್ತಾ ಹೇಳಿದ: 'ಒಂದೇ ಒಂದು ಸಲ ಸೇತುವೆ ನೀಲಿ ಆಗದ ಹಾಗೆ ದಾಟಿ ಬರಬೇಕು. ಯಾರೂ ನಿಲ್ಲಬಾರದು, ಯಾರೂ ನಗಬಾರದು. ಹಾಗೆ ಬಂದು ನಿಮ್ಮವ್ವನ ಹತ್ರ ಮಾತಾಡಬೇಕು ಅಂತಿದ್ದೆ.'

'ಏನು ಮಾತಾಡಬೇಕು?'

ಅವನ ಕಿವಿ ಕೆಂಪಾಯಿತು. ನನಗೆ ಎಲ್ಲಿಲ್ಲದ ಸಂತೋಷ ಉಕ್ಕಿ ಬಂತು, ಅದರ ಹಿಂದೆಯೇ ಎಲ್ಲಿಲ್ಲದ ಸಿಟ್ಟು. 'ನಾನು ತುಂಬೆ ಹೂ ಹಾಕಿ ಕೊಟ್ಟದ್ದು ಆ ದೊಡ್ಡ ಮನುಷ್ಯನಿಗೆ. ಅವರ ಅರ್ಧ ಭಾಗ ಎಲ್ಲಿಟ್ಟಿದ್ದೀರಿ? ನನ್ನನ್ನೊಂದು ಮಾತು ಕೇಳಬಾರದಿತ್ತೇ?' ಅಂದೆ. ಗಿರಾಕಿಗಳು ಬಂದರು, ಹೋದರು. ಯಾರೂ ಮೊಸರು ಕೇಳುವ ಧೈರ್ಯ ಮಾಡಲಿಲ್ಲ.

'ಇವತ್ತು ದಾಟಿಬಿಡ್ತೀನಿ,' ಅಂದ ಅವನು. 'ಇಷ್ಟು ಸಾಕು ಅನ್ಸುತ್ತೆ. ನೀವು ಜೊತೆಗಿರಿ. ನೀಲಿ ಆಗದಿದ್ರೆ ಇವತ್ತೇ ಊಟ ಮಾಡ್ತೀನಿ.'

ಹೊರಟೆವು. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು, ಸೇತುವೆಯ ಮೇಲೆ ನಾವಿಬ್ಬರೇ. ಈಚೆ ತುದಿಯಲ್ಲಿ ಈರಣ್ಣಜ್ಜ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಕೊಟ್ರೇಶಿ ಬೆಕ್ಕಿನಂತೆ ಹೆಜ್ಜೆ ಇಡುತ್ತಿದ್ದ. ಮೊದಲು ಹಳದಿ. ಅಷ್ಟಕ್ಕೇ ಅವನ ಮುಖ ಅರಳಿತು. ಆಮೇಲೆ ಹಸಿರು. ಅವನು ಉಸಿರು ಬಿಗಿಹಿಡಿದ. ನಡುವಿಗೆ ಬರುತ್ತಿದ್ದ ಹಾಗೆ ನೀಲಿ. ಮೊದಲು ಎಂದೂ ಕಾಣದಂಥ ಕಡುನೀಲಿ, ನೇರಳೆ ಹಣ್ಣಿಗೆ ಹತ್ತಿರದ್ದು.

ಅವನು ನಿಂತ. ಅವನನ್ನು ಸಮಾಧಾನ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕಣ್ಣು ಪೊರೆಯ ಮೇಲೆ ಬಿತ್ತು. ಚಿಕ್ಕಂದಿನಿಂದ ನೋಡಿದ ಪೊರೆ ಅದು. ಭಾರದಿಂದ ಬಂದ ನೀಲಿ ಕಾಲ ಕೆಳಗೆ ದಟ್ಟವಾಗಿದ್ದು, ದೂರ ಹೋದಂತೆ ತಿಳಿಯಾಗಬೇಕು. ಇಲ್ಲಿ ಅವನ ಕಾಲ ಕೆಳಗಿನ ಹಲಗೆ ಬರೀ ಹಸಿರು. ನೀಲಿ ಇದ್ದದ್ದು ಎಡಬದಿಯ ಹಗ್ಗದ ಉದ್ದಕ್ಕೆ, ನಮ್ಮ ದಡದ ಕಂಬದ ಕಡೆ ಹೋದಂತೆ ಇನ್ನೂ ಕಪ್ಪಾಗುತ್ತಾ.

'ಕೊಟ್ರೇಶಿ,' ಅಂದೆ, 'ಇದು ನೀವಲ್ಲ.'

'ಸುಮ್ನೆ ಸಮಾಧಾನ ಮಾಡಬೇಡಿ.'

'ಅಯ್ಯೋ, ಸಮಾಧಾನ ಅಲ್ಲ! ನೀವು ಅರ್ಧ ಆಗಿದ್ದೀರಿ, ನೀಲಿ ಜಾಸ್ತಿ ಆಗಿದೆ. ಹಗ್ಗ ಹೋಗ್ತಿದೆ. ಆ ಕಂಬದ ಹತ್ರ ಹಗ್ಗ ಹೋಗ್ತಿದೆ!'

ಅದೇ ಹೊತ್ತಿಗೆ ಶಾಲೆ ಬಿಟ್ಟಿತು. ಆಚೆ ದಡಕ್ಕೆ ಹೋಗಬೇಕಾದ ಮಕ್ಕಳು ಚೀಲ ಕುಣಿಸುತ್ತಾ ಸೇತುವೆಯತ್ತ ಓಡಿ ಬಂದರು. 'ಅಜ್ಜಾ! ಮಕ್ಕಳನ್ನ ತಡೀ! ಹಗ್ಗ ನೋಡು, ಎಡಗಡೆ ಹಗ್ಗ!' ಅಂತ ಕಿರುಚಿದೆ. ಈರಣ್ಣಜ್ಜ ಕೋಲು ಅಡ್ಡ ಹಿಡಿದ. ಒಂದು ಕ್ಷಣ ಅವನಿಗೂ ಅರ್ಥವಾಗಲಿಲ್ಲ. ಆಮೇಲೆ ಕಂಬದ ಬುಡಕ್ಕೆ ಹೋಗಿ ಬಗ್ಗಿ ಪೊರೆಯ ಅಂಚು ಎತ್ತಿ ನೋಡಿದ. ಎದ್ದು ನಿಂತಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. 'ಅಲ್ಲಾಡಬೇಡ್ರೋ ಇಬ್ರೂ!' ಅಂದ. ಕಂಬ ಮಣ್ಣಿಗೆ ಸೇರುವಲ್ಲಿ ಹಗ್ಗ ಒಳಗೊಳಗೇ ಕೊಳೆತು, ಕೆಲವೇ ಎಳೆಗಳ ಮೇಲೆ ನಿಂತಿತ್ತು. ಆ ಎಳೆಗಳಲ್ಲೇ ಒಂದು ಕಿತ್ತುಹೋದ ಸದ್ದು ನಮಗೂ ಕೇಳಿಸಿತು. ಸೇತುವೆ ಎಡಕ್ಕೆ ಒಂದು ಗೇಣು ವಾಲಿತು.

'ನೀವು ಮೊದಲು ಹೋಗಿ,' ಅಂದ ಕೊಟ್ರೇಶಿ.

'ಇಬ್ಬರೂ ಒಟ್ಟಿಗೆ. ಮಲಗಿ. ಹೊಟ್ಟೆ ಮೇಲೆ ಮಲಗಿದ್ರೆ ಭಾರ ಹರಡುತ್ತೆ.'

'ಹೊಟ್ಟೆ ಎಲ್ಲಿ ಉಳಿದಿದೆ?' ಅಂದ. ಆ ಗಳಿಗೆಯಲ್ಲಿ ನನಗೆ ನಗು ಬಂತು ಅಂದರೆ ನೀವು ನಂಬುವುದಿಲ್ಲ. ನಗುತ್ತಾ, ನಡುಗುತ್ತಾ, ಬಲಬದಿಯ ಹಗ್ಗಕ್ಕೆ ಅಂಟಿಕೊಂಡು ಇಬ್ಬರೂ ತೆವಳಿದೆವು. ನಾನು ಮುಂದೆ, ಅವನು ಹಿಂದೆ. ಕೆಳಗೆ ಹೊಳೆ ಅದರ ಪಾಡಿಗೆ ಅದು ಹರಿಯುತ್ತಿತ್ತು. ನನ್ನ ಮೂಗಿನ ಮುಂದೆ ಹಲಗೆಯ ಪೊರೆ ಹಸಿರಾಗಿ, ಹಳದಿಯಾಗಿ, ಮತ್ತೆ ಹಸಿರಾಗಿ ಆಡುತ್ತಿತ್ತು. ಈರಣ್ಣಜ್ಜ ನನ್ನ ಕೈ ಹಿಡಿದು ಎಳೆದುಕೊಂಡ. ಕೊಟ್ರೇಶಿಯನ್ನು ಎಳೆಯಲು, ಗದ್ದಲ ಕೇಳಿ ಓಡಿ ಬಂದಿದ್ದ ಸಾಂತಕ್ಕ ಮುಂದಾದಳು. ಅವನ ಅಂಗಿಯ ಕೊರಳಪಟ್ಟಿ ಹಿಡಿದು, ಕರುವನ್ನು ಎಳೆದ ಹಾಗೆ ಎಳೆದು ಹಾಕಿದಳು. ಅವನು ಮಣ್ಣಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡಿದ.

'ಏನೋ ಇದು ಇಷ್ಟು ಹಗುರ ಆಗಿದ್ದೀಯ!' ಅಂತ ಸಾಂತಕ್ಕ ಜೋರಾಗಿ ಅಳಲು ಶುರುಮಾಡಿದಳು.

ಸಂಜೆಯ ಹೊತ್ತಿಗೆ ಊರಿಗೆಲ್ಲ ವಿಷಯ ತಿಳಿದಿತ್ತು. ಕುಂಬಳಕಾಯಿಯವರೂ ನೆಂಟರೂ ಹಗುರಾದರು, ಬೈಗುಳವೆಲ್ಲ ವಾಪಸು ಹೋಯಿತು. ಬಣ್ಣ ಇಷ್ಟು ದಿನ ಹಗ್ಗದ ಮಾತು ಹೇಳುತ್ತಿತ್ತು, ನಾವು ಮನುಷ್ಯರ ಮುಖ ನೋಡುತ್ತಿದ್ದೆವು. ಯಾರೂ ಯಾರಿಗೂ ಕ್ಷಮೆ ಕೇಳಲಿಲ್ಲ, ನಮ್ಮೂರಲ್ಲಿ ಆ ಪದ್ಧತಿ ಕಡಿಮೆ. ಆದರೆ ಮನೆಮನೆಯಿಂದ ಊಟ ಬಂತು. ಹಗ್ಗ ಬದಲಾಯಿಸುವ ತನಕ ಕೊಟ್ರೇಶಿ ಆಚೆ ದಡಕ್ಕೆ ಹೋಗುವಂತಿರಲಿಲ್ಲ, ದೋಣಿಯಲ್ಲಿ ಮಕ್ಕಳನ್ನೂ ಮುದುಕರನ್ನೂ ಮಾತ್ರ ದಾಟಿಸುತ್ತಿದ್ದರು. ಹೀಗಾಗಿ ಅವನು ಈರಣ್ಣಜ್ಜನ ಜಗಲಿಯಲ್ಲಿ ಮಲಗಿದ, ಊಟ ನಮ್ಮ ಮನೆಯಲ್ಲಿ. ಮೊದಲ ದಿನ ಅವ್ವ ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ, ಪಕ್ಕಕ್ಕೆ ಚಟ್ನಿ ಇಟ್ಟು, ಎದುರಿಗೇ ಕೂತಳು. 'ನೀನು ತಿನ್ನೋ ತನಕ ಏಳಲ್ಲ,' ಅಂದಳು. ಅವನು ತಿಂದ. ಎರಡನೆಯ ರೊಟ್ಟಿಗೆ ಅವನ ಕಣ್ಣಲ್ಲಿ ನೀರು ತುಂಬಿತು. 'ಖಾರ ಜಾಸ್ತಿ ಆಯ್ತೇನೋ?' ಅಂದಳು ಅವ್ವ. 'ಇಲ್ಲಮ್ಮಾ, ರೊಟ್ಟಿ ಮರೆತೇ ಹೋಗಿತ್ತು,' ಅಂದ. ಅಷ್ಟರಲ್ಲಿ ಸಾಂತಕ್ಕ ಅವರೆಕಾಳಿನ ಸಾರು ಹಿಡಿದು ಬಂದಳು. 'ಇವನಿಂದಾಗಿ ಸುಲಿದದ್ದು, ಇವನೇ ಮುಗಿಸಲಿ!' ಅಂದಳು.

ಎರಡು ತಿಂಗಳ ಮೇಲೆ ಹೊಸ ಹಗ್ಗ ಎಳೆದ ದಿನ ಊರಿಗೆ ಊರೇ ಎರಡೂ ದಡದಲ್ಲಿ ಸೇರಿತ್ತು. ನಮ್ಮ ಕಡೆ ಎಲ್ಲರಿಗಿಂತ ಹಿಂದೆ, ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ಕೊಟ್ರೇಶಿ ನಿಂತ. ಕೆನ್ನೆ ತುಂಬಿಕೊಂಡಿತ್ತು, ಅಂಗಿ ಮೈಗೆ ಕೂಡಿತ್ತು. ಈರಣ್ಣಜ್ಜ ಕೂಗಿದ ಹಾಗೆಲ್ಲ ಅವನು ಹಿಮ್ಮಡಿ ನೆಲಕ್ಕೆ ಊರಿ ಹಿಂದಕ್ಕೆ ವಾಲುತ್ತಿದ್ದ, ಅವನ ಮುಂದಿನ ಸಾಲೆಲ್ಲ ಅವನ ಜೊತೆ ವಾಲುತ್ತಿತ್ತು. ಆಚೆ ದಡದಲ್ಲಿ ನೀಲವ್ವ ಕುರ್ಚಿ ಹಾಕಿಸಿಕೊಂಡು ಕೂತು, 'ಎಳೆಯೋ! ಹೆಪ್ಪು ಹಾಕೋ ಹೊತ್ತಾಯ್ತು!' ಅಂತ ಕೂಗುತ್ತಿದ್ದದ್ದು ಹೊಳೆ ದಾಟಿ ನಮಗೆ ಕೇಳುತ್ತಿತ್ತು.

ಹೊಸ ಪೊರೆ ನಾನೂ ಅವ್ವನೂ ಹೊದಿಸಿದೆವು. ಎರಡೂ ತುದಿಯ ಪೊರೆಯೊಳಗೆ ಒಂದು ಸಾಲು ಅಚ್ಚು ಹಾಕಲು ಈರಣ್ಣಜ್ಜ ಹೇಳಿದ, ಜಗ್ಗಿ ನೀಲಿಯಾದಾಗ ಮಾತ್ರ ಓದಲು ಬರುವ ಹಾಗೆ: 'ಮೊದಲು ಹಗ್ಗ ನೋಡಿ.' ಸೇತುವೆ ತೆರೆದ ಬೆಳಿಗ್ಗೆ ಯಾರು ಮೊದಲು ಹತ್ತಬೇಕು ಅನ್ನುವ ಮಾತೇ ಏಳಲಿಲ್ಲ. ಎಲ್ಲರೂ ಪಕ್ಕಕ್ಕೆ ಸರಿದು ಕೊಟ್ರೇಶಿಗೆ ದಾರಿ ಬಿಟ್ಟರು. ಅವನು ಎಂದಿನ ಭಾರದ ಹೆಜ್ಜೆ ಇಟ್ಟು ನಡೆದ. ಅವನ ಕಾಲ ಕೆಳಗೆ ಒಂದಿಷ್ಟು ಹಳದಿ ಮೂಡಿ, ಅವನ ಜೊತೆಗೇ ನಡೆದು, ಹಿಂದೆ ಕೆಂಪಾಗಿ ಮುಚ್ಚಿಕೊಳ್ಳುತ್ತಾ ಹೋಯಿತು. ನಡುವೆ ನಿಂತು ಅವನು ಒಂದು ಸಲ ಜಿಗಿದ. ಸೇತುವೆ ತೂಗಿತು, ಹಳದಿ ಕೊಂಚ ಹಸಿರಾಗಿ ಮತ್ತೆ ಹಳದಿಗೆ ಬಂತು. ಎರಡೂ ದಡದಿಂದ ಎದ್ದ ಕೂಗಿಗೆ ಮರದ ಮೇಲಿನ ಕೊಕ್ಕರೆಗಳು ಹಾರಿಹೋದವು.

ಅದಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ನಾನು ಅಂಗಳದಲ್ಲಿ ಅಂಟು ಎಳೆಯುತ್ತಿದ್ದೆ. ಮೊಣಕೈವರೆಗೂ ಗಂಜಿ, ಸೀರೆ ಮೇಲಕ್ಕೆ ಸಿಕ್ಕಿಸಿದ್ದೆ, ತಲೆ ಕೆದರಿತ್ತು, ಬಾಯಲ್ಲಿ ರಾಗ ತಪ್ಪಿದ ಒಂದು ಹಾಡು. ತಿರುಗಿದರೆ ಬೇಲಿಯ ಹತ್ತಿರ ಕೊಟ್ರೇಶಿ. ಕೈಯಲ್ಲಿ ಕುಡಿಕೆ.

'ಅಯ್ಯೋ! ಯಾವಾಗ ಬಂದ್ರಿ?'

'ಆಗಲೇ.'

'ಕೂಗಬಾರದಿತ್ತೇ?'

'ನಾನು ಬರೋದು ಗೊತ್ತಿಲ್ಲದಾಗ ನೀನು ಹೇಗಿರ್ತೀಯ ಅಂತ ನೋಡ್ತಿದ್ದೆ,' ಅಂದ. ಮೊದಲ ಸಲ ನೀನು ಅಂದಿದ್ದ. 'ಎಲ್ಲಾ ಸಲಾನೂ ನೀನು ತಲೆ ಬಾಚಿಕೊಂಡಿರ್ತಿದ್ದೆ.'

'ನೋಡಿ ಆಯ್ತಲ್ಲ. ಈಗ ಏನಂತೀರಿ?'

'ಅವ್ವ ಇದ್ದಾರಾ? ಕೇಳೋದಿದೆ.'

'ಇದ್ದಾಳೆ. ಮೊದಲು ಈ ಅಲಗಿನ ಆ ತುದಿ ಹಿಡ್ಕೊಳ್ಳಿ, ಅಂಟು ಆರ್ತಾ ಇದೆ,' ಅಂದೆ. ಅವನು ಕುಡಿಕೆ ಕೆಳಗಿಟ್ಟು ಬಂದು ಹಿಡಿದ. ಇಬ್ಬರೂ ನಗುತ್ತಿದ್ದುದರಿಂದ ಎಳೆದ ಪೊರೆಯಲ್ಲೆಲ್ಲ ಗೆರೆ. ಅಡುಗೆಮನೆಯಿಂದ ಅವ್ವನ ದನಿ ಬಂತು: 'ಯಾರ ಜೊತೆ ಅಷ್ಟೊಂದು ನಗ್ತಿದ್ದೀಯೇ? ಸೇತುವೆ ಕೆಂಪಗೇ ಇದೆಯಲ್ಲ!'